ಬೂಮ್ ಪಂಪ್ ನಡೆಸುವುದು: ರಿಮೋಟ್ ಹಿಡಿಯುವ ಮೊದಲು ಕಾಲು ಊರುವುದು ಕಲಿಯಿರಿ

ಪುಣೆಯ ಸೈಟುಗಳಲ್ಲಿ ನಮ್ಮ ಕಡೆಯ ಹುಡುಗರು ತುಂಬ ಇದ್ದಾರೆ. ಇಂಡಿ, ಸಿಂದಗಿ, ಅಫಜಲಪುರ, ಆಳಂದದಿಂದ ಬಂದು ವಾಕಡ್, ರಾವೇತ್, ಮೋಶಿ ಕಡೆಯ ಪತ್ರಾಸ್ ಶೆಡ್ಡುಗಳಲ್ಲಿ ಇರುತ್ತಾರೆ. ಮೊದಲು ಸೆಂಟ್ರಿಂಗ್ ಕೆಲಸ, ಆಮೇಲೆ ಕಾಂಕ್ರೀಟ್ ಪಂಪಿಗೆ ಹೆಲ್ಪರ್. ಒಂದೆರಡು ವರ್ಷ ಹಾಪರ್ (ಮಿಕ್ಸರ್ ಗಾಡಿ ಕಾಂಕ್ರೀಟ್ ಸುರಿಯುವ ತೊಟ್ಟಿ) ತೊಳೆದು, ಪೈಪ್ ಹೊತ್ತು ಸುಸ್ತಾದ ಮೇಲೆ ಬೂಮಿನ, ಅಂದರೆ ಪಂಪ್ ಗಾಡಿಯ ಮೇಲಿಂದ ಕಾಂಕ್ರೀಟ್ ಪೈಪ್ ಹೊತ್ತು ಚಾಚುವ ಮಡಚು ತೋಳಿನ, ರಿಮೋಟ್ ಮೇಲೆ ಕಣ್ಣು ಬೀಳುತ್ತದೆ. ನಾನೂ ಹಾಗೇ ಬಂದವನು, ಅದಕ್ಕೆ ಗೊತ್ತು.

"ಕಾಕಾ, ರಿಮೋಟ್ ಕಲಸ್ರಿ" ಅಂತ ವಾರಕ್ಕೊಬ್ಬ ಕೇಳುತ್ತಾನೆ. ರಿಮೋಟ್ ಕಲಿಯಲು ಒಂದು ವಾರ ಸಾಕು. ನಾಲ್ಕೈದು ಲಿವರ್, ಒಂದು ಕೆಂಪು ಬಟನ್, ಆಮೆ-ಮೊಲದ ಚಿತ್ರ ಇರುವ ಒಂದು ಸ್ವಿಚ್, ಅಷ್ಟೇ. ಕಲಿಯಲು ವರ್ಷಗಟ್ಟಲೆ ಬೇಕಾಗುವುದು ಬೇರೆ: ಗಾಡಿ ಎಲ್ಲಿ ನಿಲ್ಲಿಸಬೇಕು, ಗಾಡಿ ವಾಲದಂತೆ ಪಕ್ಕಕ್ಕೆ ಚಾಚುವ ಕಬ್ಬಿಣದ ಕಾಲು ಎಲ್ಲಿ ಊರಬೇಕು, ಪೈಪಿನೊಳಗೆ ಏನು ನಡೆಯುತ್ತಿದೆ ಅಂತ ಸದ್ದಿನಿಂದಲೇ ಹೇಗೆ ತಿಳಿಯಬೇಕು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆವಿ ಲೈಸೆನ್ಸ್ ಇಲ್ಲದೆ ಗಾಡಿಯ ಸ್ಟೇರಿಂಗ್ ಮುಟ್ಟಬೇಡಿ, ಅದು ಬೇರೆ ಹೇಳಬೇಕಿಲ್ಲ ಅಲ್ವಾ.

ನಮ್ಮ ಭಾಗದಲ್ಲಿ ಜಾಸ್ತಿ ಕಾಣುವುದು ಶ್ವಿಂಗ್ ಸ್ಟೆಟರ್, ಪುಟ್ಜ್‌ಮೈಸ್ಟರ್, ಸ್ಯಾನಿ ಮಷೀನುಗಳು. ಪುಟ್ಜ್‌ಮೈಸ್ಟರ್ ಕಾರ್ಖಾನೆ ಗೋವಾದ ವೆರ್ಣಾದಲ್ಲಿದೆ, ಸ್ಯಾನಿಯದು ಇಲ್ಲೇ ಚಾಕಣದಲ್ಲಿ. 2012ರಲ್ಲಿ ಸ್ಯಾನಿಯವರೇ ಪುಟ್ಜ್‌ಮೈಸ್ಟರನ್ನು ಕೊಂಡರು. ಯಾವ ಮಷೀನಾದರೂ ಕೆಲಸದ ಕ್ರಮ ಒಂದೇ. ಆದರೆ ಬೂಮ್ ಬಿಚ್ಚುವ ರೀತಿ, ಕಾಲಿನ ಅಳತೆ, ವಾಲ್ವ್ ಬೇರೆ ಬೇರೆ. ಕ್ಯಾಬಿನ್‌ನಲ್ಲಿ ಎಣ್ಣೆ ಮೆತ್ತಿಕೊಂಡು ಬಿದ್ದಿರುವ ಮ್ಯಾನ್ಯುಯಲ್ ಇದೆಯಲ್ಲ, ಅದನ್ನು ಒಮ್ಮೆ ಪೂರ್ತಿ ಓದಿ. ನಾನು ಹೇಳುವ ಅಂಕಿಗೂ ಅದಕ್ಕೂ ವ್ಯತ್ಯಾಸ ಬಂದರೆ ಅದರಲ್ಲಿರುವುದೇ ಸರಿ.

ಹಿಂದಿನ ದಿನ ಸೈಟ್ ನೋಡಿ ಬನ್ನಿ

ಬೆಳಗ್ಗೆ ಆರಕ್ಕೆ ಗಾಡಿ ಒಳಗೆ ತಂದು ಆಮೇಲೆ ಜಾಗ ಹುಡುಕುವವನ ಕೈಯಲ್ಲಿ ಬೂಮ್ ಕೊಡಬಾರದು. ಆಗ ಸೈಟ್ ಇಂಜಿನಿಯರ್ ಅವಸರ ಮಾಡುತ್ತಾನೆ, ಮಿಕ್ಸರ್ ಗಾಡಿಗಳು ಗೇಟಿನಲ್ಲಿ ಹಾರ್ನ್ ಹೊಡೆಯುತ್ತವೆ, ನೀವು ಸಿಕ್ಕ ಜಾಗದಲ್ಲಿ ನಿಲ್ಲಿಸುತ್ತೀರಿ. ಹಿಂದಿನ ಸಂಜೆ ಹತ್ತು ನಿಮಿಷ ನಡೆದು ನೋಡಿದರೆ ಸಾಕು.

ಮೊದಲು ತಲೆ ಎತ್ತಿ ನೋಡಿ. ಕರೆಂಟ್ ತಂತಿ ಇದೆಯಾ? ಮಹಾವಿತರಣದ (ಇಲ್ಲಿನ ಕರೆಂಟ್ ಕಂಪನಿ) ಲೈನ್ ಕಾಂಪೌಂಡಿಗೆ ಅಂಟಿಕೊಂಡು ಹೋಗಿರುವ ಸೈಟುಗಳು ಇಲ್ಲಿ ಬೇಕಾದಷ್ಟಿವೆ. ಬೂಮ್ ತಂತಿಗೆ ತಾಗಬೇಕು ಅಂತೇನಿಲ್ಲ, ಹತ್ತಿರ ಹೋದರೂ ಕರೆಂಟ್ ಹಾರುತ್ತದೆ. ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ ಹುಷಾರಾಗಿರಬೇಕು. ನಾನು ಕನಿಷ್ಠ 6 ಮೀಟರ್ ದೂರ ಇಟ್ಟುಕೊಳ್ಳುತ್ತೇನೆ, ದೊಡ್ಡ ಟವರ್ ಲೈನ್ ಆದರೆ ಇನ್ನೂ ದೂರ. ಈ ದೂರವನ್ನು ಬೂಮ್ ಈಗ ನಿಂತಿರುವ ಜಾಗದಿಂದ ಅಳೆಯಬೇಡಿ, ತಪ್ಪಿ ತಿರುಗಿದರೆ ಎಲ್ಲಿಗೆ ಮುಟ್ಟಬಹುದೋ ಅಲ್ಲಿಂದ ಅಳೆಯಿರಿ. ಅಷ್ಟು ಜಾಗ ಇಲ್ಲದಿದ್ದರೆ ಲೈನ್ ಬಂದ್ ಮಾಡಿಸಿ ಅಂತ ಲಿಖಿತವಾಗಿ ಕೇಳಿ, ಇಲ್ಲವೇ ನೆಲದ ಪೈಪ್ ಲೈನ್ ಹಾಕಿ ಸ್ಟೇಷನರಿ ಪಂಪ್ ತರಿಸಲು ಹೇಳಿ. "ಏನಾಗಲ್ಲ, ಬಾ" ಅಂದವನು ಸ್ಲ್ಯಾಬ್ ಮೇಲೆ ನಿಂತಿರುತ್ತಾನೆ. ಬೂಮಿನ ತುದಿಯ ರಬ್ಬರ್ ಹೋಸ್ ಹಿಡಿದ ಹುಡುಗನ ಕೈ ಮಾತ್ರ ಕಬ್ಬಿಣದ ಬೂಮಿಗೆ ಜೋಡಿಸಿದ ಹಾಗೇ ಇರುತ್ತದೆ.

ಆಮೇಲೆ ಹಾಪರ್ ಹಿಂದೆ ಎರಡು ಮಿಕ್ಸರ್ ಗಾಡಿ ಒಟ್ಟಿಗೆ ನಿಲ್ಲಲು ಆಗುತ್ತದಾ ನೋಡಿ. ಒಂದು ಖಾಲಿಯಾಗುವಷ್ಟರಲ್ಲಿ ಇನ್ನೊಂದು ಸುರಿಯಲು ತಯಾರಿರಬೇಕು. ಇದು ಆದರೆ ಅರ್ಧ ಬ್ಲಾಕೇಜ್ ಅಲ್ಲೇ ತಪ್ಪುತ್ತದೆ.

ಕಾಲು ಊರುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

36 ಮೀಟರ್ ಬೂಮ್ ಚಾಚಿದಾಗ ಗಾಡಿಯ ಭಾರ ನಾಲ್ಕು ಕಾಲಿಗೆ ಸಮಾನವಾಗಿ ಹಂಚಿಕೆಯಾಗುವುದಿಲ್ಲ. ಬೂಮ್ ಯಾವ ಕಡೆ ಇದೆಯೋ ಆ ಕಡೆಯ ಕಾಲು ಹೆಚ್ಚಿನ ಭಾರ ಹೊರುತ್ತದೆ. ಎಷ್ಟು ಅಂತ ಆ ಕಾಲಿನ ಮೇಲೆಯೇ ಕಿಲೋನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತದೆ. 200 ಅಂತ ಇದ್ದರೆ ಸುಮಾರು 20 ಟನ್ ಅಂತ ತಿಳಿದುಕೊಳ್ಳಿ. ಈಗ ಒಂದು ಲೆಕ್ಕ. ಕಾಲಿನ ಕಬ್ಬಿಣದ ಪಾದ 40 ಸೆಂಟಿಮೀಟರ್ ಚೌಕ ಇದ್ದು ಅದನ್ನು ಸೀದಾ ನೆಲಕ್ಕೆ ಊರಿದರೆ ಒಂದು ಚದರ ಮೀಟರ್‌ಗೆ 125 ಟನ್ ಒತ್ತಡ ಬೀಳುತ್ತದೆ. ಅದೇ ಕಾಲಿನ ಕೆಳಗೆ ಒಂದು ಮೀಟರ್ ಚೌಕದ ಗಟ್ಟಿ ಪ್ಯಾಡ್ ಇಟ್ಟರೆ 20 ಟನ್. 1.2 ಮೀಟರ್ ಚೌಕ ಮಾಡಿದರೆ 14ಕ್ಕೆ ಇಳಿಯುತ್ತದೆ. ಗಾಡಿ ಅದೇ, ಬೂಮ್ ಅದೇ, ನೆಲದ ಮೇಲಿನ ಒತ್ತಡ ಒಂಬತ್ತರಲ್ಲಿ ಒಂದು ಭಾಗ ಆಯಿತು.

ಪುಣೆಯ ನೆಲ ನಮ್ಮ ವಿಜಯಪುರದ ನೆಲದ ಅಣ್ಣತಮ್ಮನೇ. ಕೆಳಗೆ ಕಪ್ಪು ಕಲ್ಲು, ಅದರ ಮೇಲೆ ಮುರುಮು, ಮೇಲ್ಗಡೆ ಎರೆ ಮಣ್ಣು. ಬೇಸಿಗೆಯಲ್ಲಿ ಎರೆ ಹೇಗಿರುತ್ತದೆ ಅಂತ ಹೊಲದಲ್ಲಿ ಬೆಳೆದವನಿಗೆ ಹೇಳಬೇಕಾ? ಹಾರೆಗೆ ಬಗ್ಗುವುದಿಲ್ಲ. ಜೂನಿನ ಎರಡು ಮಳೆ ಬೀಳಲಿ, ಅದೇ ನೆಲ ಬೆಣ್ಣೆ. ಮುರುಮಿನ ಮೇಲೆ ನಿಂತಿದ್ದೀರಿ ಅಂತ ಸಮಾಧಾನ ಬೇಡ, ಆ ಮುರುಮು ಅಲ್ಲೇ ಹುಟ್ಟಿದ್ದೋ ಟಿಪ್ಪರಿನಲ್ಲಿ ತಂದು ಸುರಿದದ್ದೋ ಕೇಳಿ. ತುಂಬಿಸಿದ ಮಣ್ಣಿನಲ್ಲಿ ಊರಿದ ಕಾಲು ಮೊದಲ ಹತ್ತು ನಿಮಿಷ ನಿಮ್ಮನ್ನು ನಂಬಿಸುತ್ತದೆ.

ನನಗೆ ಇದು ಗೊತ್ತಾದದ್ದು ರಾವೇತ್ ಕಡೆಯ ಒಂದು ಸೈಟಿನಲ್ಲಿ. ಜೂನ್ ಕೊನೆ, ರಾತ್ರಿ ಮಳೆ ಬಂದು ಬೆಳಗ್ಗೆ ಬಿಸಿಲು. ಹಿಂದಿನ ಬಲಗಾಲು ಊರಿದ ಜಾಗದಲ್ಲಿ ತಿಂಗಳ ಹಿಂದೆ ಡ್ರೈನೇಜ್ ಪೈಪ್ ಹಾಕಿ ಮುಚ್ಚಿದ್ದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಡಗಡೆ ಮೂರು ಗಾಡಿ ಕಾಂಕ್ರೀಟ್ ಹಾಕುವವರೆಗೂ ಏನೂ ಇಲ್ಲ. ಬೂಮ್ ಬಲಕ್ಕೆ ತಿರುಗಿಸಿದೆ. ನಮ್ಮ ಹುಡುಗ, ಯಾದಗಿರಿ ಕಡೆಯವನು, ಹಾಪರ್ ಹತ್ತಿರ ನಿಂತಿದ್ದವನು ಒಂದೇ ಸಮ ಕೂಗಿದ: "ಕಾಕಾ, ಕಾಲ ಕುಂದರಾಕತ್ತದ!" ನೋಡಿದರೆ ಮರದ ಪ್ಯಾಡಿನ ಅಂಚಿನಿಂದ ಚಹಾ ಬಣ್ಣದ ನೀರು ಬುಳುಬುಳು ಅಂತ ಮೇಲೆ ಬರುತ್ತಿದೆ. ಪ್ಯಾಡ್ ಒಂದು ಕಡೆ ನಾಲ್ಕು ಬೆರಳು ಇಳಿದಿದೆ. ಪಂಪ್ ನಿಲ್ಲಿಸಿದೆ. ಹೋಸ್ ಹುಡುಗರನ್ನು ದೂರ ಕಳಿಸಿದೆ. ಬೂಮಿನ ತುದಿಯ ಮಡಿಕೆಗಳನ್ನು ನಿಧಾನವಾಗಿ ಒಳಗೆ ಎಳೆದುಕೊಂಡು, ಆಮೆ ಸ್ಪೀಡಿನಲ್ಲಿ ಬಂದ ದಾರಿಯಲ್ಲೇ ಎಡಕ್ಕೆ ವಾಪಸ್. ಅರ್ಧ ನಿಮಿಷದ ಕೆಲಸ ಐದು ನಿಮಿಷ ಮಾಡಿದೆ. ಅವತ್ತು ಮಧ್ಯಾಹ್ನ ಊಟ ಇಳಿಯಲಿಲ್ಲ.

ಆ ದಿನದಿಂದ ನನ್ನ ಪದ್ಧತಿ ಹೀಗೆ. ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಟೈರಿಗೆ ಕಟ್ಟೆ ಕೊಟ್ಟ ಮೇಲೆ ನಾಲ್ಕೂ ಕಾಲಿನ ಜಾಗವನ್ನು ಹಾರೆಯಿಂದ ಚುಚ್ಚಿ ನೋಡುತ್ತೇನೆ. "ಇಲ್ಲಿ ಕೆಳಗೆ ಏನಿದೆ?" ಅಂತ ಇಂಜಿನಿಯರನ್ನು ಹೆಸರು ಹಿಡಿದು ಕೇಳುತ್ತೇನೆ: ಪೈಪ್, ಟ್ಯಾಂಕ್, ಚೇಂಬರ್, ಬೇಸ್‌ಮೆಂಟ್ ಸ್ಲ್ಯಾಬ್. ತೋಡಿದ ಗುಂಡಿಯ ಅಂಚಿನಿಂದ ದೂರ ಇರುತ್ತೇನೆ. ಗಟ್ಟಿ ನೆಲವಾದರೆ ಗುಂಡಿ ಎಷ್ಟು ಆಳವೋ ಅದರ ತಳದ ಅಂಚಿನಿಂದ ಕನಿಷ್ಠ ಅಷ್ಟು ದೂರ, ಸಡಿಲ ಅಥವಾ ತುಂಬಿದ ಮಣ್ಣಾದರೆ ಆಳದ ಎರಡರಷ್ಟು. ನಾಲ್ಕು ಮೀಟರ್ ಬೇಸ್‌ಮೆಂಟ್ ಗುಂಡಿ, ತುಂಬಿದ ಮಣ್ಣು ಅಂದರೆ ಎಂಟು ಮೀಟರ್. ಜಾಗ ಇಲ್ಲ ಅಂತಾರೆ. ಹಾಗಾದರೆ ಉದ್ದದ ಬೂಮ್ ತರಿಸಿ ಅನ್ನಿ.

ಕಾಲುಗಳನ್ನು ಪೂರ್ತಿ ಚಾಚಿ. ಅರ್ಧ ಚಾಚಿ ನಿಲ್ಲಿಸುವ ಚಟ ನಮ್ಮಲ್ಲಿ ಬಹಳ, ರಸ್ತೆ ಬದಿ ಸೈಟುಗಳಲ್ಲಂತೂ ಕೇಳಲೇಬೇಡಿ. ಒಂದು ಬದಿ ಚಾಚಿ ಕೆಲಸ ಮಾಡಲು ಕೆಲವು ಮಷೀನುಗಳಲ್ಲಿ ವ್ಯವಸ್ಥೆ ಇರುತ್ತದೆ, ಆಗ ಬೂಮ್ ಆ ಬದಿಯನ್ನು ಬಿಟ್ಟು ಆಚೆ ಹೋಗಬಾರದು. ಕಾಲು ಊರಿದ ಮೇಲೆ ನೀರುಮಟ್ಟದ ಗುಳ್ಳೆ ನೋಡಿ, 3 ಡಿಗ್ರಿಗಿಂತ ಜಾಸ್ತಿ ವಾಲಿರಬಾರದು. ಪ್ಯಾಡ್ ಕೆಳಗೆ ಇಟ್ಟಿಗೆ ಚೂರು, ಪ್ಲೈವುಡ್ ತುಂಡು ತುರುಕಬೇಡಿ. ಪಾದ ಪ್ಯಾಡಿನ ನಟ್ಟನಡುವೆ ಕೂರಲಿ. ಮಧ್ಯೆ ಮಧ್ಯೆ, ಪ್ರತಿ ಮಿಕ್ಸರ್ ಗಾಡಿ ಬದಲಾಗುವಾಗ, ಹೆಲ್ಪರ್ ನಾಲ್ಕೂ ಕಾಲು ಸುತ್ತಿ ಬರಬೇಕು.

ಗೋವಾದಲ್ಲಿ ಕೆಲಸಕ್ಕೆ ಹೋದರೆ ಅಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲು ನೋಡಲು ಗಟ್ಟಿ, ಮಳೆ ಕುಡಿದ ಮೇಲೆ ಬೇರೆಯೇ ಮಾತು. ಅಲ್ಲೂ ಇದೇ ಹಾರೆ.

ಬೂಮ್ ಬಿಚ್ಚುವ ಮೊದಲು

ಗಾಡಿ ಸುತ್ತ ಒಂದು ಸುತ್ತು ಹಾಕಿ. ಕ್ಲ್ಯಾಂಪುಗಳಿಗೆಲ್ಲ ಪಿನ್ ಇದೆಯಾ ನೋಡಿ. ಪೈಪನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ. ಸವೆದ ಪೈಪಿನ ಸದ್ದು ತೆಳ್ಳಗೆ, ಡಬ್ಬಿ ತಟ್ಟಿದ ಹಾಗೆ ಬರುತ್ತದೆ, ಅದರಲ್ಲೂ ಬೆಂಡ್‌ಗಳ ಹೊರ ಮೈ ಬೇಗ ಸವೆಯುತ್ತದೆ. ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಹಾಪರ್ ಮೇಲಿನ ಜಾಲರಿ ಜಾಗದಲ್ಲಿರಬೇಕು. ಅದನ್ನು ತೆಗೆದಿಟ್ಟು ಕೆಲಸ ಮಾಡುವವರನ್ನು ನೋಡಿದ್ದೇನೆ, ಒಳಗೆ ತಿರುಗುವ ರೆಕ್ಕೆಗೆ ಕೈ ಯಾವುದು ಕಟ್ಟಿಗೆ ಯಾವುದು ಗೊತ್ತಾಗಲ್ಲ.

ವಾಟರ್ ಬಾಕ್ಸ್ (ಪಂಪಿನ ಹೈಡ್ರಾಲಿಕ್ ಸಿಲಿಂಡರಿಗೂ ಕಾಂಕ್ರೀಟ್ ಸಿಲಿಂಡರಿಗೂ ನಡುವಿನ ನೀರಿನ ಪೆಟ್ಟಿಗೆ) ಮುಚ್ಚಳ ತೆಗೆದು ನೀರು ನೋಡುವುದು ನನಗೆ ಬಹಳ ಇಷ್ಟದ ಕೆಲಸ, ಡಾಕ್ಟರ್ ನಾಲಿಗೆ ನೋಡಿದ ಹಾಗೆ. ನೀರು ಸಿಮೆಂಟ್ ಬಣ್ಣಕ್ಕೆ ತಿರುಗಿದ್ದರೆ ಪಿಸ್ಟನ್ ರಬ್ಬರ್ ಸವೆದಿದೆ. ಎಣ್ಣೆ ತೇಲುತ್ತಿದ್ದರೆ ಹೈಡ್ರಾಲಿಕ್ ಸಿಲಿಂಡರಿನ ಸೀಲ್ ಹೋಗಿದೆ. ಇಂಜಿನ್ ಬಂದ್ ಮಾಡಿಯೇ ತೆಗೆಯಿರಿ.

ರಿಮೋಟಿನ ಕೆಂಪು ಬಟನ್ ಒತ್ತಿ ಎಲ್ಲ ನಿಲ್ಲುತ್ತದಾ ಪರೀಕ್ಷೆ ಮಾಡಿ. ಆಮೇಲೆ ಬೂಮ್. ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲೇ ಬಿಚ್ಚಬೇಕು, ಸಾಮಾನ್ಯವಾಗಿ ಮೊದಲ ಮಡಿಕೆ ಮೇಲೆ ಎತ್ತಿ ಆಮೇಲೆ ಉಳಿದವು ಒಂದೊಂದಾಗಿ. ಗಾಳಿ ಜೋರಾಗಿದ್ದರೆ ಬಿಚ್ಚಬೇಡಿ. 42 ಮೀಟರ್ ಮತ್ತು ಅದಕ್ಕಿಂತ ಉದ್ದದ ಬೂಮಿಗೆ ಗಂಟೆಗೆ 50 ಕಿಲೋಮೀಟರ್ ಗಾಳಿ, ಚಿಕ್ಕದಕ್ಕೆ 60, ಅಷ್ಟಕ್ಕೆ ಮಡಚಿಡಬೇಕು. ಮೇ ತಿಂಗಳ ಸಂಜೆ ಕಪ್ಪು ಮೋಡ ಎದ್ದು ಧೂಳು ಬರುತ್ತದಲ್ಲ, ಅದು ಬಂದ ಮೇಲೆ ಮಡಚುತ್ತೇನೆ ಅಂದರೆ ತಡವಾಯಿತು. ಬೂಮಿಗೆ ಕಬ್ಬಿಣದ ಕಟ್ಟು ಕಟ್ಟಿ ಎತ್ತಿಸುವವರೂ ಇದ್ದಾರೆ. ಬೂಮ್ ಕ್ರೇನ್ ಅಲ್ಲ.

ಪ್ರೈಮಿಂಗ್ ಮತ್ತು ಮೊದಲ ಗಾಡಿ

ಒಣ ಪೈಪಿಗೆ ಸೀದಾ ಕಾಂಕ್ರೀಟ್ ಬಿಟ್ಟರೆ ಸಿಮೆಂಟ್ ಹಾಲು ಪೈಪಿನ ಗೋಡೆಗೆ ಅಂಟಿ ಮುಂದೆ ಬರೀ ಖಡಿ ಉಳಿಯುತ್ತದೆ, ಅಲ್ಲೇ ಜಾಮ್. ಅದಕ್ಕೆ ಮೊದಲು ನೀರು, ಆಮೇಲೆ ಒಂದೆರಡು ಚೀಲ ಸಿಮೆಂಟಿನ ಗಟ್ಟಿ ಸ್ಲರಿ. ಈ ಸ್ಲರಿ ಕಾಲಮ್ಮಿಗೋ ಬೀಮಿಗೋ ಹೋಗಬಾರದು. ಒಂದು ಬಕೆಟ್ಟಿಗೆ, ಹಳೆ ಡ್ರಮ್ಮಿಗೆ ಬಿಟ್ಟು ಆಚೆ ಹಾಕಿಸಿ.

ಕಾಂಕ್ರೀಟ್ ಬಂದಾಗ ಚಲನ್ ನೋಡಿ: ಪ್ಲಾಂಟಿನಲ್ಲಿ ತುಂಬಿದ ಸಮಯ ಎಷ್ಟು? ರೆಡಿಮಿಕ್ಸ್ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 4926 ಪ್ರಕಾರ ತುಂಬಿದ 2 ಗಂಟೆಯೊಳಗೆ ಖಾಲಿಯಾಗಬೇಕು, ಕಾಂಕ್ರೀಟ್ ತಡವಾಗಿ ಗಟ್ಟಿಯಾಗುವಂತೆ ಮಾಡುವ ಅಡ್ಮಿಕ್ಸ್ಚರ್ (ಬೆರೆಸುವ ರಾಸಾಯನಿಕ) ಹಾಕಿದ್ದರೆ ಮಾತ್ರ ಸ್ವಲ್ಪ ಹೆಚ್ಚು. ಸಂಜೆ ಹಿಂಜವಡಿ ಟ್ರಾಫಿಕ್‌ನಲ್ಲಿ ಈ 2 ಗಂಟೆ ಎಷ್ಟು ಬೇಗ ಕರಗುತ್ತದೆ ಅಂತ ಇಲ್ಲಿರುವವರಿಗೆ ಗೊತ್ತು. ಸ್ಲಂಪ್ (ಕಾಂಕ್ರೀಟ್ ಎಷ್ಟು ಮೆದು ಅಂತ ನೋಡುವ ಅಳತೆ) 120ರಿಂದ 150 ಮಿಲಿಮೀಟರ್ ಇದ್ದರೆ ಪಂಪ್ ಖುಷಿಯಾಗಿ ಎಳೆಯುತ್ತದೆ. ಗಟ್ಟಿ ಬಂದಿದೆ ಅಂತ ಮಿಕ್ಸರ್ ಡ್ರೈವರ್ ನೀರಿನ ಪೈಪ್ ಹಿಡಿದರೆ ತಡೆಯಿರಿ. ನೀರು ಹಾಕಿದರೆ ಕಾಂಕ್ರೀಟಿನ ತಾಕತ್ತೂ ಹೋಯಿತು, ಖಡಿ ಬೇರೆಯಾಗಿ ಪೈಪೂ ಜಾಮ್ ಆಯಿತು. ಪ್ಲಾಂಟಿನ ಕ್ಯೂಸಿ (ಗುಣಮಟ್ಟ ನೋಡುವ) ಹುಡುಗನನ್ನು ಕರೆಸಿ, ಅಡ್ಮಿಕ್ಸ್ಚರ್ ಹಾಕುವುದು ಬಿಡುವುದು ಅವನ ಕೆಲಸ.

ಪಂಪ್ ನಡೆಯುತ್ತಿರುವಾಗ

ಸಿಗ್ನಲ್ ಕೊಡುವವನು ಒಬ್ಬನೇ. ಸ್ಲ್ಯಾಬ್ ಮೇಲೆ ಬಂಗಾಳಿ ಹುಡುಗ "ರೋಕೋ" ಅಂತಾನೆ, ಮರಾಠಿ ಮುಕಾದಮ "ಥಾಂಬ" ಅಂತಾನೆ, ನಮ್ಮವನು "ಬಿಡ್ರಿ ಬಿಡ್ರಿ" ಅಂತಾನೆ. ಕೆಲಸ ಶುರು ಮಾಡುವ ಮೊದಲೇ ಕೈಸನ್ನೆ ಗೊತ್ತು ಮಾಡಿಕೊಳ್ಳಿ, ಇಂಥವನ ಸನ್ನೆ ಮಾತ್ರ ನೋಡುತ್ತೇನೆ ಅಂತ ಎಲ್ಲರಿಗೂ ಹೇಳಿ. ನಿಲ್ಲಿಸು ಅನ್ನುವ ಸನ್ನೆ ಮಾತ್ರ ಯಾರು ಕೊಟ್ಟರೂ ನಿಲ್ಲಿಸಬೇಕು. ನಿಮಗೆ ಹೋಸಿನ ತುದಿ ಕಾಣುವ ಜಾಗದಲ್ಲೇ ನಿಲ್ಲಿ.

ಹಾಪರಿನಲ್ಲಿ ಕಾಂಕ್ರೀಟ್ ತಿರುಗುವ ರೆಕ್ಕೆಯ ದಂಡಿಗೆಗಿಂತ ಕೆಳಗೆ ಇಳಿಯಬಾರದು. ಇಳಿದರೆ ಸಿಲಿಂಡರ್ ಗಾಳಿ ಎಳೆಯುತ್ತದೆ. ಆ ಗಾಳಿ ಪೈಪಿನಲ್ಲಿ ಕಾಂಕ್ರೀಟ್ ಹಿಂದೆ ಒತ್ತಿಕೊಂಡು ಕೂತಿರುತ್ತದೆ, ತುದಿಗೆ ಬಂದ ತಕ್ಷಣ ಬಂದೂಕಿನ ಹಾಗೆ ಬಿಡುಗಡೆ. ನನ್ನ ಕೈಯಲ್ಲೇ ಒಮ್ಮೆ ಆಗಿದೆ. ನಾನು ಹಿಂದೆ ಬರುತ್ತಿದ್ದ ಮಿಕ್ಸರ್ ಗಾಡಿ ನೋಡುತ್ತಾ ನಿಂತೆ, ಹಾಪರ್ ತಳ ಕಂಡಿತು, ಪಂಪ್ ನಿಲ್ಲಿಸಲಿಲ್ಲ. ಹೊಸ ಕಾಂಕ್ರೀಟ್ ಬಿದ್ದು ನಾಲ್ಕೈದು ಸ್ಟ್ರೋಕ್ (ಪಿಸ್ಟನ್ ಒಮ್ಮೆ ತಳ್ಳುವುದು) ಆದ ಮೇಲೆ ಮೇಲೆ "ಢಬ್" ಅಂತ ಸದ್ದು. ಹೋಸ್ ಹಾವಿನ ಹಾಗೆ ಎದ್ದು ಬಡಿದು, ಹಿಡಿದಿದ್ದ ಹುಡುಗ ಎರಡು ಮೀಟರ್ ಆಚೆ ಸರಳುಗಳ ಮೇಲೆ ಬಿದ್ದ. ಪಕ್ಕೆಲುಬು ಮುರಿದು ಎರಡು ತಿಂಗಳು ಊರಲ್ಲಿದ್ದ. ತಪ್ಪು ನನ್ನದೇ.

ಗಾಳಿ ಹೊಕ್ಕಿದೆ ಅನ್ನಿಸಿದರೆ ನಿಲ್ಲಿಸಿ, ಎಲ್ಲರನ್ನೂ ಹೋಸಿನಿಂದ ದೂರ ಕಳಿಸಿ, ಒಂದೆರಡು ಸ್ಟ್ರೋಕ್ ರಿವರ್ಸ್ ಎಳೆದು, ಆಮೇಲೆ ಆಮೆ ಸ್ಪೀಡಿನಲ್ಲಿ ಮುಂದೆ ತಳ್ಳಿ. ಕಾಂಕ್ರೀಟ್ ಒಂದೇ ಸಮ ಬರುವವರೆಗೆ ಯಾರೂ ಹತ್ತಿರ ಬೇಡ. ಶುರುವಿನ ಮೊದಲ ಕಾಂಕ್ರೀಟಿಗೂ, ಪ್ರತಿ ಸಲ ನಿಂತು ಶುರು ಮಾಡುವಾಗಲೂ ಇದೇ ನಿಯಮ. ಹೋಸ್ 4 ಮೀಟರ್‌ಗಿಂತ ಉದ್ದ ಬೇಡ, ತುದಿಗೆ ಕಬ್ಬಿಣದ ಕ್ಲ್ಯಾಂಪ್ ಬೇಡ, ಮಡಚಿ ಹಿಡಿಯಬೇಡಿ, ಎರಡು ಕಾಲ ನಡುವೆ ಇಟ್ಟುಕೊಳ್ಳಬೇಡಿ.

ಮುಂದಿನ ಗಾಡಿ ಬರುವುದು ತಡವಾದರೆ ಹಾಪರ್ ತುಂಬಿಟ್ಟುಕೊಂಡು ಐದು-ಹತ್ತು ನಿಮಿಷಕ್ಕೊಮ್ಮೆ ಎರಡು ಸ್ಟ್ರೋಕ್ ಹಿಂದೆ, ಎರಡು ಮುಂದೆ ಮಾಡುತ್ತಿರಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಪೈಪ್ ಮೇಲೆ ಒದ್ದೆ ಗೋಣಿ ಚೀಲ ಹಾಕಿಸಿ.

ಜಾಮ್ ಆದರೆ

ಗೇಜಿನ ಮುಳ್ಳು ಏರುತ್ತದೆ, ಬೂಮ್ ಜಗ್ಗುತ್ತದೆ, ಪಂಪಿನ ಸದ್ದು ಭಾರವಾಗುತ್ತದೆ. ಆಗ ಪ್ರೆಶರ್ ಹೆಚ್ಚಿಸಿ ತಳ್ಳುವುದು ಎಲ್ಲರೂ ಮಾಡುವ ಮೊದಲ ತಪ್ಪು. ತಳ್ಳಿದಷ್ಟೂ ಗಟ್ಟಿಯಾಗುತ್ತದೆ. ನಿಲ್ಲಿಸಿ, ಎರಡು-ಮೂರು ಸ್ಟ್ರೋಕ್ ರಿವರ್ಸ್, ಹಾಪರಿನಲ್ಲಿ ರೆಕ್ಕೆ ತಿರುಗಿಸಿ ಚೆನ್ನಾಗಿ ಕಲಸಿ, ನಿಧಾನವಾಗಿ ಮುಂದೆ. ಎರಡು ಸಲ ಮಾಡಿಯೂ ಹೋಗದಿದ್ದರೆ ಪೈಪ್ ಬಿಚ್ಚಬೇಕು.

ಬಿಚ್ಚುವ ಮೊದಲು ಮತ್ತೆ ರಿವರ್ಸ್ ಹೊಡೆದು ಪ್ರೆಶರ್ ಇಳಿಸಿ, ಪಂಪ್ ಬಂದ್ ಮಾಡಿ. ಬೂಮನ್ನು ಸುಭದ್ರ ಜಾಗಕ್ಕೆ ಇಳಿಸಿ. ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಕೂತ ಜಾಗದಲ್ಲಿ "ದಬ್" ಅನ್ನುತ್ತದೆ, ಅದರಾಚೆ ಸದ್ದು ಬದಲಾಗುತ್ತದೆ. ಕ್ಲ್ಯಾಂಪ್ ಬಿಚ್ಚುವಾಗ ಮುಖ ಪಕ್ಕಕ್ಕೆ, ಕನ್ನಡಕ ಹಾಕಿಕೊಂಡು. ಹಾಪರ್ ಒಳಗೆ ಕೈ ಹಾಕಬೇಕಾದರೆ ಇಂಜಿನ್ ಬಂದ್ ಮಾಡಿದರೆ ಸಾಲದು. ಹಾಪರಿನೊಳಗೆ ಎರಡು ಸಿಲಿಂಡರ್ ನಡುವೆ ಅತ್ತಿತ್ತ ಹೊರಳುವ ಎಸ್ ವಾಲ್ವ್ ಪೈಪನ್ನು ತಿರುಗಿಸುವ ಅಕ್ಯುಮುಲೇಟರ್‌ನಲ್ಲಿ (ಪ್ರೆಶರ್ ಹಿಡಿದಿಡುವ ಸಿಲಿಂಡರ್) ಇಂಜಿನ್ ನಿಂತ ಮೇಲೂ ಪ್ರೆಶರ್ ಉಳಿದಿರುತ್ತದೆ, ಒಂದು ಸಲ "ಠಕ್" ಅಂದರೆ ಮುಗಿಯಿತು. ಅದರ ಗೇಜ್ ಸೊನ್ನೆ ತೋರಿಸುವವರೆಗೆ ಪ್ರೆಶರ್ ಬಿಟ್ಟು, ಚಾವಿ ನಿಮ್ಮ ಜೇಬಿನಲ್ಲಿಟ್ಟುಕೊಂಡು ಆಮೇಲೆ ಕೈ.

ಒಂದೇ ಕ್ಲ್ಯಾಂಪಿನ ಹತ್ತಿರ ಪದೇಪದೇ ಜಾಮ್ ಆಗುತ್ತಿದ್ದರೆ ಅಲ್ಲಿನ ರಬ್ಬರ್ ರಿಂಗ್ ನೋಡಿ. ಸಿಮೆಂಟ್ ಹಾಲು ಸೋರಿಹೋಗಿ ಒಳಗೆ ಬರೀ ಉಸುಕು-ಖಡಿ ಉಳಿಯುತ್ತಿರುತ್ತದೆ.

ತೊಳೆಯುವುದು, ಮಡಚುವುದು

5 ಇಂಚಿನ ಪೈಪ್ ಒಂದು ಮೀಟರಿಗೆ ಸುಮಾರು 12 ಲೀಟರ್ ಹಿಡಿಯುತ್ತದೆ. 36 ಮೀಟರ್ ಬೂಮಿನ ಪೈಪಿನಲ್ಲಿ ಹೆಚ್ಚುಕಡಿಮೆ ಅರ್ಧ ಘನಮೀಟರ್ ಉಳಿದಿರುತ್ತದೆ, ಒಂದು ಟನ್ನಿಗಿಂತ ಜಾಸ್ತಿ ಭಾರ. ಕೊನೆಯ ಗಾಡಿಯ ಲೆಕ್ಕ ಹಾಕುವಾಗಲೇ ಇದನ್ನು ಇಂಜಿನಿಯರಿಗೆ ಹೇಳಿ, ಈ ಉಳಿದದ್ದು ಎಲ್ಲಿ ಸುರಿಯಬೇಕು ಅಂತಲೂ ಕೇಳಿ. ಚರಂಡಿಗೆ ಬಿಡಬೇಡಿ.

ಒದ್ದೆ ಮಾಡಿದ ಸ್ಪಂಜ್ ಬಾಲ್ ಹೋಸಿನ ತುದಿಗೆ ಹಾಕಿ ರಿವರ್ಸ್ ಎಳೆದರೆ ಕಾಂಕ್ರೀಟ್ ಹಿಂದೆ ಹಾಪರಿಗೆ ಬರುತ್ತದೆ, ಹಿಂದೆಯೇ ಬಾಲ್ ಬರುತ್ತದೆ. ಬಾಲ್ ಬಂತಾ ಎಣಿಸಿ, ಒಳಗೇ ಉಳಿದರೆ ನಾಳೆ ಬೆಳಗ್ಗೆ ನಿಮ್ಮ ಜಾಮ್ ಅದೇ. ಕಂಪ್ರೆಸರ್ ಗಾಳಿಯಿಂದ ಬಾಲ್ ತಳ್ಳುವ ಕೆಲಸಕ್ಕೆ ಕೈ ಹಾಕಬೇಡಿ. ತುದಿಯಲ್ಲಿ ಬಾಲ್ ಹಿಡಿಯುವ ಬುಟ್ಟಿ, ತಿಳಿದ ಜನ ಇಲ್ಲದೆ ಅದು ಗುಂಡು ಹಾರಿಸಿದ ಹಾಗೆ. ಹಾಪರ್ ತಳದ ಬಾಗಿಲು ತೆರೆದು, ಮೂಲೆ ಮೂಲೆ ನೀರು ಹೊಡೆದು ತೊಳೆಯಿರಿ. ಗಮ್‌ಬೂಟ್ ಒಳಗೆ ಸಿಮೆಂಟ್ ನೀರು ಹೋಗಿದ್ದರೆ ಅಲ್ಲೇ ಬಿಚ್ಚಿ ಕಾಲು ತೊಳೆದುಕೊಳ್ಳಿ. ಸಂಜೆ ರೂಮಿಗೆ ಹೋದ ಮೇಲೆ ತೊಳೆದರಾಯಿತು ಅಂತ ಬಿಟ್ಟು, ಚರ್ಮ ಸುಟ್ಟು ಒಂದು ವಾರ ಚಪ್ಪಲಿ ಹಾಕಲಾಗದವರು ನಮ್ಮ ಶೆಡ್ಡಿನಲ್ಲೇ ಇದ್ದರು.

ಬೂಮ್ ಪೂರ್ತಿ ಮಡಚಿ, ಗಾಡಿಯ ಮೇಲೆ ಕೂರಿಸಿ, ಕಟ್ಟಿದ ಮೇಲೇ ಕಾಲು ಎತ್ತಬೇಕು. ಎತ್ತಿದ ಮೇಲೆ ಪ್ಯಾಡ್ ಸರಿಸಿ ಕೆಳಗಿನ ನೆಲ ನೋಡಿ. ಎಷ್ಟು ಒತ್ತಿದೆ, ಯಾವ ಕಡೆ ಜಾಸ್ತಿ, ನೀರು ಬಂದಿದೆಯಾ. ಮುಂದಿನ ಸ್ಲ್ಯಾಬಿಗೆ ಅದೇ ಸೈಟಿಗೆ ಬರುವುದಿದ್ದರೆ ಗಟ್ಟಿ ಇದ್ದ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮಳೆ ಬಂದರೆ ಸುಣ್ಣ ಉಳಿಯಲ್ಲ.